ನಾವು ಕೊಂಡ ಹಳೇ ಯೆಜ್ಡಿ

ಹಳೇ ಗಾಡಿ ಕೊಂಡು ರಿಪೇರಿ ಮಾಡೋದು ಉಳ್ಳವರ ಹವ್ಯಾಸ ಅಂತ ನಮ್ಮ ಗೆಳೆಯರಲ್ಲಿ ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಅರ್ಧ ನಿಜವಿದೆ. ಜಯನಗರದ ಮರಗಳ ನೆರಳಲ್ಲಿ ಹೊದಿಕೆ ಹೊದ್ದು ಮಲಗಿರುವ ಹಳೇ ಸ್ಪೋರ್ಟ್ಸ್ ಕಾರುಗಳನ್ನು ನಾವೂ ಕಂಡಿದ್ದೇವೆ. ಅವುಗಳ ಬಿಡಿಭಾಗ ಸಮುದ್ರ ದಾಟಿ ಬರುತ್ತವೆ. ಭಾನುವಾರ ಬೆಳಿಗ್ಗೆ ಮಾಲೀಕರು ಒಂದು ಸುತ್ತು ಹೊಡೆದು ಬಂದು ಮತ್ತೆ ಹೊದಿಕೆ ಎಳೆಯುತ್ತಾರೆ. ಉಳಿದರ್ಧ ನಿಜ ಬೇರೆ ಇದೆ. ಆ ಕಾರುಗಳ ಹೊಟ್ಟೆಯೊಳಕ್ಕೆ ಕೈ ಹಾಕುವವನು ಮಾಲೀಕನಲ್ಲ. ಬನಶಂಕರಿಯ ಯಾವುದೋ ಗಲ್ಲಿಯ ಮೇಸ್ತ್ರಿ, ಅವನ ಕೈಕೆಳಗಿನ ಹುಡುಗ. ಗಾಡಿಯ ಹೆಸರು ಮಾಲೀಕನಿಗೆ ಗೊತ್ತು, ಗಾಡಿಯ ಕಾಯಿಲೆ ಮೇಸ್ತ್ರಿಗೆ ಗೊತ್ತು. ಈ ಎರಡೂ ನಮಗೆ ಗೊತ್ತಿರಬೇಕು ಅಂತ ನಾವು ಹೊರಟೆವು.

ನಾವು ಮೂವರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಮೂವರೂ ಮಳವಳ್ಳಿ, ಕೊಳ್ಳೇಗಾಲದ ಕಡೆಯ ಕೇರಿಗಳಿಂದ ಹಾಸ್ಟೆಲ್ ಅನ್ನ ಉಂಡು ಡಿಗ್ರಿ ಮಾಡಿದವರು. ನಮ್ಮ ಮನೆಗಳಲ್ಲಿ ನಮಗಿಂತ ಮುಂಚೆ ಯಾರೂ ಡಿಗ್ರಿ ಓದಿಲ್ಲ. ಒಬ್ಬ ಅತಿಥಿ ಉಪನ್ಯಾಸಕ, ಒಬ್ಬ ಪಾರ್ಸೆಲ್ ಗೋಡೌನಿನಲ್ಲಿ ರಾತ್ರಿ ಪಾಳಿ, ಒಬ್ಬಳು ಆಸ್ಪತ್ರೆಯಲ್ಲಿ ನರ್ಸು. ಮೂವರೂ ಪದ್ಯ ಬರೆಯುತ್ತೇವೆ. ಅದರಿಂದ ಯಾರ ಬಾಡಿಗೆಯೂ ತೀರಿಲ್ಲ. ಸ್ಪೋರ್ಟ್ಸ್ ಕಾರು ನಮಗೆ ಎಟುಕೋದಲ್ಲ. ನಮ್ಮ ಕೈಗೆ ಎಟುಕುವಷ್ಟು ಹತ್ತಿರ ಬರೋದು ಅಂದರೆ ಯೆಜ್ಡಿ ರೋಡ್‌ಕಿಂಗ್. ತಲೆಗೆ 15 ಸಾವಿರ ಹಾಕಿ, 45 ಸಾವಿರಕ್ಕೆ ಕೊಂಡೆವು. 1986ರ ಗಾಡಿ. ನಂಬರು ಪ್ಲೇಟಿಗೆ ಕೆಎ ಎಂಬ ಅಕ್ಷರ ಬರುವುದಕ್ಕೂ ಮುಂಚಿನದು. ನಮಗಿಂತ ಹಿರೀದು.

ಯೆಜ್ಡಿ ಹೊರಗಿನಿಂದ ಬಂದ ಗಾಡಿ ಅಲ್ಲ. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ್ದು. ಇರಾನಿ ಮನೆತನದವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಒಪ್ಪಿಗೆ ಪಡೆದು ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಮೊದಲು ಜಾವಾ ಹೆಸರಿನಲ್ಲೇ ಗಾಡಿ ಬಂತು. 1970ರ ದಶಕದಲ್ಲಿ ಯೆಜ್ಡಿ ಎಂದಾಯಿತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. ಓಟದ ಗಾಡಿಗಳ ಮೈಕಟ್ಟು, ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಸುಮಾರು 250 ಸಿಸಿ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹೆಸರಿಗೆ ಮಾತ್ರ ಸಾವು ಬರಲಿಲ್ಲ. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಹೊಸ ಗಾಡಿಗಳಿಗೆ ಅಂಟಿಸಿ ಮಾರುಕಟ್ಟೆಗೆ ತಂದಿತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಆಚರಿಸುತ್ತಾರೆ. ಮಿರಮಿರ ಮಿಂಚುವ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ನಾವೂ ಹೋಗಿ ನೋಡಿದ್ದೇವೆ. ಟ್ಯಾಂಕಿನ ಬಣ್ಣದ ಬಗ್ಗೆ ಅಲ್ಲಿ ಎಷ್ಟೊಂದು ಮಾತು! ಆ ಟ್ಯಾಂಕನ್ನು ಬೆಸೆದ ಕೈಗಳ ಬಗ್ಗೆ ನಮ್ಮ ಕಿವಿಗೆ ಒಂದು ಮಾತೂ ಬೀಳಲಿಲ್ಲ.

ನಮ್ಮ ಕೇರಿಗೆ ಯೆಜ್ಡಿ ಮೊದಲು ಬಂದದ್ದು ಕಿವಿಯ ಮೂಲಕ. ಊರ ಗೌಡರ ಮಗ ಅದನ್ನು ತಂದಿದ್ದನಂತೆ. ಟೂ ಸ್ಟ್ರೋಕಿನ ಆ ಡಬಡಬ ಸದ್ದು ಕೇಳಿದ ಕೂಡಲೇ ನಮ್ಮವರು ದಾರಿ ಬಿಟ್ಟು ಬೇಲಿ ಪಕ್ಕ ನಿಲ್ಲುತ್ತಿದ್ದರು. ನಮ್ಮ ಪೈಕಿ ಒಬ್ಬನ ತಾತ ಅದೇ ಮನೆಯಲ್ಲಿ ಜೀತಕ್ಕಿದ್ದ. 1976ರಲ್ಲಿ ಜೀತ ರದ್ದಾಗಿ ಕಾನೂನು ಬಂದ ಮೇಲೆ ಆಳು ಅಂತ ಹೆಸರು ಬದಲಾಯಿತು, ಕೊಟ್ಟಿಗೆ ಬದಲಾಗಲಿಲ್ಲ. ಆ ತಾತನ ಮಗ, ಅಂದರೆ ನಮ್ಮವನ ಅಪ್ಪ, ಹದಿನೆಂಟನೇ ವಯಸ್ಸಿನಲ್ಲಿ ಆ ಗಾಡಿ ತೊಳೆಯೋ ಕೆಲಸಕ್ಕೆ ನಿಂತ. ಆರು ವರ್ಷ ತೊಳೆದ. ಒಂದು ದಿನವೂ ಮೇಲೆ ಕೂರಲಿಲ್ಲ. ಒರೆಸಬಹುದು, ತಳ್ಳಬಹುದು, ಕೂರೋ ಹಾಗಿಲ್ಲ. ಕೈ ಮುಟ್ಟಿದರೆ ಬಾರದ ಮೈಲಿಗೆ ಕುಂಡಿ ಮುಟ್ಟಿದರೆ ಹೇಗೆ ಬರುತ್ತೋ, ಬಲ್ಲವರು ಹೇಳಬೇಕು.

ಗಾಡಿಗೂ ಜಾತಿಗೂ ಇರೋ ನಂಟು ನಮ್ಮೂರಿನದು ಮಾತ್ರವಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಎರಡು ಪ್ರಸಂಗ ಹೇಳಿದ್ದಾರೆ. 1901ರಲ್ಲಿ ಅವರಿನ್ನೂ ಹುಡುಗ. ತಂದೆಯನ್ನು ನೋಡಲು ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಮಕ್ಕಳಿಗೆ, ಮಹಾರರು ಅಂತ ಗೊತ್ತಾದ ಮೇಲೆ, ಒಬ್ಬ ಗಾಡಿಯವನೂ ಬರಲೊಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿ ಹೊಡೆಯೋರು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರ್ತಾನೆ. ಎರಡನೆಯದು 1929ರಲ್ಲಿ, ಚಾಳೀಸ್‌ಗಾಂವ್‌ನಲ್ಲಿ. ಆಗ ಅವರು ಅಸ್ಪೃಶ್ಯರ ಕಷ್ಟ ವಿಚಾರಿಸಲು ಸರ್ಕಾರ ಮಾಡಿದ ಸಮಿತಿಯ ಸದಸ್ಯರು. ಟಾಂಗಾ ಕೊಡ್ತೀವಿ, ನಾವು ಹೊಡೆಯೋದಿಲ್ಲ ಅಂದರು ಟಾಂಗಾದವರು. ಅತಿಥಿಯನ್ನು ನಡೆಸಿಕೊಂಡು ಹೋಗೋದು ಅವಮಾನ ಅಂತ ಭಾವಿಸಿದ ಕೇರಿಯವರು ತಮ್ಮಲ್ಲೇ ಒಬ್ಬನನ್ನು ಕೂರಿಸಿದರು. ಅವನು ಹಿಂದೆಂದೂ ಟಾಂಗಾ ಹೊಡೆದವನಲ್ಲ. ಸೇತುವೆ ಮೇಲೆ ಚಕ್ರ ಸಿಕ್ಕಿಕೊಂಡು, ಕುದುರೆ ಕೆಳಗೆ ಬಿತ್ತು. ಕಲ್ಲಿನ ಮೇಲೆ ಎಸೆಯಲ್ಪಟ್ಟ ಬಾಬಾಸಾಹೇಬರ ಕಾಲು ಮುರಿಯಿತು.

ಈ ಪ್ರಸಂಗವನ್ನು ನಾವು ಹಾಸ್ಟೆಲಿನಲ್ಲಿ ಓದಿದಾಗ ಸಿಟ್ಟು ಬಂದಿತ್ತು. ಗಾಡಿ ಕೊಂಡ ಮೇಲೆ ಓದಿದರೆ ಇನ್ನೊಂದು ಮಾತು ಕಂಡಿತು. ದುಡ್ಡು ಕೊಟ್ಟರೆ ಟಾಂಗಾ ಸಿಕ್ಕಿತು; ಹೊಡೆಯೋ ವಿದ್ಯೆ ಸಿಗಲಿಲ್ಲ. ವಸ್ತು ಬಿಟ್ಟುಕೊಡೋದು ಜಾತಿಗೆ ಸುಲಭ, ವಿದ್ಯೆ ಬಿಟ್ಟುಕೊಡೋದು ಕಷ್ಟ. ಕೀಲಿ ಕೈಗೆ ಬಂದರೆ ಸಾಲದು, ಕೀಲು ಎಲ್ಲಿದೆ ಅಂತಲೂ ತಿಳಿದಿರಬೇಕು.

ಗಾಡಿ ಮಾರಿದವರು ಜಯನಗರದ ಒಬ್ಬ ಹಿರಿಯರು. ಎಂಟು ವರ್ಷದಿಂದ ಮನೆ ಪಕ್ಕದ ಸಂದಿಯಲ್ಲಿ ನಿಂತಿತ್ತು. 'ಯಾವ ಕಡೆಯವರಪ್ಪ ನೀವು?' ಅಂದರು. ಊರು ಹೇಳಿದೆವು. 'ಅಲ್ಲಿ ಯಾರ ಪೈಕಿ?' ಅಂದರು. ಅದನ್ನೂ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಂಥಾ ಗಾಡಿ ಇಟ್ಕೊಳ್ಳೋದು ಎಲ್ಲರ ಕೈಲೂ ಆಗಲ್ಲ' ಅಂದರು. ದುಡ್ಡನ್ನು ಎರಡು ಸಲ ಎಣಿಸಿಕೊಂಡರು. ಬಾಡಿಗೆ ಮನೆಗೆ ಅಲೆಯುವಾಗ ಇದೇ ಪ್ರಶ್ನೆ 'ವೆಜ್ಜಾ, ನಾನ್‌ವೆಜ್ಜಾ?' ಅಂತ ವೇಷ ಹಾಕಿ ಬರುತ್ತೆ. ಗಾಡಿ ಮಾರುವಾಗ ವೇಷ ಬೇಕಿಲ್ಲ ಅನ್ನೋದು ಒಂದು ಸಮಾಧಾನ.

ಅಲ್ಲಿಂದ ತಳ್ಳಿಕೊಂಡೇ ಹೊರಟೆವು. ಬೆಂಗಳೂರಿನ ಈ ದಕ್ಷಿಣ ಭಾಗವನ್ನು ತಳ್ಳಿಕೊಂಡು ದಾಟಿದರೆ ಹೆಸರುಗಳು ನಿಧಾನವಾಗಿ ಎದುರಾಗುತ್ತವೆ. ಜಯನಗರಕ್ಕೆ ಒಡೆಯರ ಹೆಸರು, ಜೆ.ಪಿ. ನಗರಕ್ಕೆ ಜಯಪ್ರಕಾಶ ನಾರಾಯಣರ ಹೆಸರು. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳು ಮೂರು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿ ಕೂತಿವೆ. ಹಳ್ಳಿ ಇದ್ದ ಕಡೆಯೆಲ್ಲ ಕೇರಿ ಇತ್ತು. ಲೇಔಟಿನ ನಕ್ಷೆಯಲ್ಲಿ ಕೇರಿಗೆ ಅಕ್ಷರ ಸಿಗಲಿಲ್ಲ. ಸಾರಕ್ಕಿ ದಾಟಿ ಬನಶಂಕರಿ ಎರಡನೇ ಹಂತದ ಗಲ್ಲಿ ಸೇರುವಷ್ಟರಲ್ಲಿ ನಮ್ಮ ಅಂಗಿ ಬೆನ್ನಿಗೆ ಅಂಟಿತ್ತು.

ಮೇಸ್ತ್ರಿಗೆ ಅರವತ್ತು ದಾಟಿದೆ. ದಖನಿ ಮಾತಾಡುವ ಮನೆಯವರು. ಕನ್ನಡ ನಮಗಿಂತ ಚೆನ್ನ. ಗಾಡಿ ಸುತ್ತ ಒಂದು ಸಲ ನಡೆದರು. 'ಬಿಟ್ಟೋಗಿ, ಇಪ್ಪತ್ತು ದಿನ ಬಿಟ್ಟು ಬನ್ನಿ' ಅಂದರು. 'ಬಿಟ್ಟೋಗಲ್ಲ ಭಾಯ್, ನಾವೇ ಬಿಚ್ಚಬೇಕು, ನೀವು ಹೇಳಿಕೊಡಿ' ಅಂದೆವು. ಅವರು ನಕ್ಕರು. 'ಡಿಗ್ರಿ ಓದಿದೋರು ಮಸಿ ಮಾಡ್ಕೊಳ್ತೀರಾ?' ಅಂದರು. ಭಾನುವಾರ ಭಾನುವಾರ ಬರೋದು, ಅಂಗಡಿ ಗುಡಿಸೋದು, ಅವರು ಹೇಳಿದಷ್ಟೇ ಬಿಚ್ಚೋದು ಅಂತ ಕರಾರಾಯಿತು. ಅವರ ಮೊದಲ ಪಾಠ ಇದು: 'ಬಿಚ್ಚಿದ ಸಾಲಲ್ಲೇ ಜೋಡಿಸಿಡಿ. ಕೊನೇಲಿ ಬಿಚ್ಚಿದ್ದು ಮೊದ್ಲು ಕೂರ್ತದೆ.' ನಾವು ಒಂದು ನೋಟುಬುಕ್ಕಿನಲ್ಲಿ ಪ್ರತಿ ನಟ್ಟು, ವಾಷರು ಬರೆದು ಚಿತ್ರ ಹಾಕಿದೆವು. ಮುಂದಿನ ಪುಟಗಳಲ್ಲಿ ಪದ್ಯ, ಹಿಂದಿನ ಪುಟಗಳಲ್ಲಿ ಬೋಲ್ಟು.

ಹಳ್ಳಿಯ ಮೇಷ್ಟರುಗಳಿಗೆ, ಅವರ ಮಕ್ಕಳಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬಿಡಿಸಿ ಹೇಳುತ್ತೇವೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನು ಒಂದು ಸಲ ಮೇಲೆ ಹೋಗಿ ಒಂದು ಸಲ ಕೆಳಗೆ ಬಂದರೆ ಒಂದು ಸುತ್ತು ಕೆಲಸ ಮುಗೀತು. ಫೋರ್ ಸ್ಟ್ರೋಕಿಗೆ ಎರಡೆರಡು ಸಲ ಹೋಗಿ ಬರಬೇಕು. ಇದರಲ್ಲಿ ಬಾಗಿಲು ತೆಗೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ಹೋಗ್ತಾ ಬರ್ತಾ ಅವನ್ನು ಮುಚ್ಚಿ ತೆರೆಯುತ್ತದೆ. ಎಂಜಿನ್ನಿಗೆ ಬೇರೆ ಎಣ್ಣೆಯೂ ಇಲ್ಲ. ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಕುಡಿಸಬೇಕು. ಆ ಬೆರಕೆ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಮೇಲಕ್ಕೆ ನುಗ್ಗುತ್ತದೆ. ಅದಕ್ಕೇ ಕೆಳಗಿನ ಕೋಣೆಯಲ್ಲಿ ಗಾಳಿ ಸೋರಬಾರದು. ಸೋರಿದರೆ ಗಾಡಿ ನಿಂತಿತು.

ನಮ್ಮ ಗಾಡಿಯ ಕಾಯಿಲೆಗಳು ಒಂದೊಂದೇ ಹೊರಬಿದ್ದವು. ಟ್ಯಾಂಕಿನೊಳಗೆ ತುಕ್ಕು. ಹಳೇ ಚೈನಿನ ತುಂಡುಗಳನ್ನೂ ಡೀಸೆಲನ್ನೂ ಒಳಗೆ ಹಾಕಿ, ಬಾಯಿ ಬಿಗಿದು, ಮೂವರೂ ಸರದಿ ಮೇಲೆ ಕುಲುಕಿದೆವು. ಮೂರು ಭಾನುವಾರ ಕೆಂಪು ನೀರು ಬಂತು. ಆಮೇಲೆ ಕಿಡಿ. ಈ ಮಾದರಿಯಲ್ಲಿ ಕಿಡಿ ಹುಟ್ಟೋದು ಪಾಯಿಂಟಿನಿಂದ. ಎರಡು ಪುಟ್ಟ ಲೋಹದ ತುಟಿಗಳು ಕೂಡಿ ಬಿಡುವಾಗ. ಬಿಟ್ಟಾಗ ಅವುಗಳ ನಡುವೆ 0.4 ಮಿಲಿಮೀಟರ್ ಅಂತರ ಇರಬೇಕು. ಮೇಸ್ತ್ರಿ ಅಳೆಯೋದು ಹಳೇ ಸಿಗರೇಟು ಪ್ಯಾಕಿನ ರಟ್ಟಿನಲ್ಲಿ. ನಾವು ಗೇಜು ತಂದು ಅಳೆದು ನೋಡಿದೆವು. ರಟ್ಟು ಸರಿಯಾಗೇ ಇತ್ತು.

ದೊಡ್ಡ ಕಾಯಿಲೆ ಬಿಳಿ ಹೊಗೆ. ಸ್ಟಾರ್ಟ್ ಆದರೆ ಗಲ್ಲಿಯೇ ಕಾಣದಷ್ಟು ಹೊಗೆ. ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲು ಒಣಗಿ ಬಿರುಕು ಬಿಟ್ಟಿದ್ದರಿಂದ ಗೇರ್ ಬಾಕ್ಸಿನ ಎಣ್ಣೆಯನ್ನು ಎಂಜಿನ್ನು ಒಳಗೊಳಗೇ ಹೀರಿ ಸುಡುತ್ತಿತ್ತು. ಸೀಲು ಅಂದರೆ ಏನು? ಅಂಗೈಯಗಲದ್ದೂ ಇಲ್ಲದ ಒಂದು ರಬ್ಬರಿನ ಬಳೆ. ಅದನ್ನು ಬದಲಿಸಲು ಗಾಡಿಯ ಒಂದು ಮಗ್ಗುಲನ್ನೆಲ್ಲ ಬಿಚ್ಚಬೇಕಾಯಿತು. ಸಿಲಿಂಡರಿನ ಗೋಡೆಯೂ ಗೀರು ಬಿದ್ದಿತ್ತು. ಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ನು, ಹೊಸ ರಿಂಗು ಹಾಕಬೇಕಾಯಿತು. ಅದಕ್ಕೆಲ್ಲ ಜೆ.ಸಿ. ರೋಡು ಅಲೆದೆವು. ಆ ರಸ್ತೆಯ ಹೆಸರೂ ಜಯಚಾಮರಾಜೇಂದ್ರರದೇ. ಕಾರ್ಖಾನೆ ಉದ್ಘಾಟಿಸಿದವರ ಹೆಸರಿನ ರಸ್ತೆಯಲ್ಲೇ, ಕಾರ್ಖಾನೆ ಸತ್ತು ಇಷ್ಟು ವರ್ಷವಾದ ಮೇಲೂ, ಅದರ ಮೂಳೆಗಳು ಸಿಗುತ್ತವೆ. ರಿಪೇರಿಗೆ ಒಟ್ಟು 28 ಸಾವಿರ ಆಯಿತು. ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಿಂಗಳು ದುಡ್ಡಿಲ್ಲದೆ ಗಾಡಿ ಬಿಚ್ಚಿದ ಹಾಗೇ ಬಿದ್ದಿತ್ತು.

ಆ ದಿನಗಳಲ್ಲೇ ಸಂಗಾತಿಗಳಿಂದ ಮಾತು ಬಂತು. 'ಇಷ್ಟು ದುಡ್ಡಿನಲ್ಲಿ ಎಷ್ಟು ಪುಸ್ತಕ ಬರ್ತಿತ್ತು? ಹಳೇ ಗಾಡಿಯ ಶೋಕಿ ನಮಗ್ಯಾಕೆ?' ಅಂದರು. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಟೂ ಸ್ಟ್ರೋಕಿನ ಹೊಗೆ ಒಳ್ಳೆಯದಲ್ಲ ಅನ್ನೋದು ನಮಗೂ ಗೊತ್ತು. ದಿನಾ ಓಡಿಸೋ ಗಾಡಿ ಅಲ್ಲ ಇದು. ಆದರೆ ಒಂದು ಮಾತು. ನಮ್ಮವರು ಚರ್ಮ ಹದ ಮಾಡಿದರು, ಮೆಟ್ಟು ಹೊಲಿದರು, ಹಗ್ಗ ಹೊಸೆದರು, ತಮಟೆ ಕಟ್ಟಿದರು. ಇವೆಲ್ಲ ವಿದ್ಯೆಗಳೇ. ಅವನ್ನು ವಿದ್ಯೆ ಅಂತ ಕರೆಯದೆ ಕುಲಕಸುಬು ಅಂತ ಕರೆದರು. ಅದಕ್ಕೇ ನಾವು ಓದಿ ಅವುಗಳಿಂದ ಓಡಿ ಬಂದೆವು. ಓಡಿ ಬರೋದು ಸರಿಯೇ ಆಗಿತ್ತು. ಹಾಗೆ ಓಡಿ ಬರುವಾಗ ಕೈ ಕೆಲಸ ಅಂದರೇ ಕೀಳು ಅನ್ನೋ ಅವರ ಮಾತನ್ನೂ ನಮ್ಮ ಪದವಿ ಪತ್ರದ ಜೊತೆ ಮಡಿಚಿ ಇಟ್ಟುಕೊಂಡು ಬಂದರೆ ಅದು ಯಾರ ಗೆಲುವು? ಆಯುಧ ಪೂಜೆ ದಿನ ಪಾನಾಕ್ಕೆ ಕುಂಕುಮ ಇಡ್ತಾರೆ. ಉಳಿದ 364 ದಿನ ಪಾನಾ ಹಿಡಿದವನನ್ನು ನಡುಮನೆಗೆ ಕರೆಯಲ್ಲ. ಜಾತಿ ಅನ್ನೋದು ಕೆಲಸವನ್ನು ಹಂಚಿದ್ದಲ್ಲ, ಕೆಲಸಗಾರರನ್ನೇ ಒಡೆದದ್ದು ಅಂತ ಬಾಬಾಸಾಹೇಬರು 1936ರಲ್ಲೇ ತಿಳಿಸಿಕೊಟ್ಟರು. ಅಂಗಡಿಯ ಹುಡುಗನ ಪಕ್ಕ ಕೂತು ಒಂದೇ ಡಬ್ಬಿಯ ಸೋಪಿನ ಪುಡಿಯಲ್ಲಿ ಕೈ ತೊಳೆದಾಗ ಆ ಮಾತು ನಮಗೆ ಇನ್ನೂ ಹತ್ತಿರವಾಯಿತು.

ಎಂಜಿನ್ನು ಕೂಡಿಸಿದ ವಾರ ನಮ್ಮವನ ಅಪ್ಪ ಕಣ್ಣು ತೋರಿಸಲು ಬೆಂಗಳೂರಿಗೆ ಬಂದರು. ಆಸ್ಪತ್ರೆಯಿಂದ ಸೀದಾ ಗಲ್ಲಿಗೇ ಕರೆತಂದೆವು. ಗಾಡಿ ನೋಡಿ ದೂರವೇ ನಿಂತರು. ಮೇಸ್ತ್ರಿ ಸ್ಟಾರ್ಟ್ ಮಾಡಿದರು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಸಲಾಕೆ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರು, ಇಳಿಸಿದರೆ ಗೇರು. ಗಾಡಿ ಹಿಡಿಯಿತು, ಆದರೆ ಉಸಿರು ಕಟ್ಟಿದ ಹಾಗೆ ಸದ್ದು. ಮೇಸ್ತ್ರಿ ಕಾರ್ಬ್ಯುರೇಟರ್ ಕಡೆ ಬಗ್ಗಿದರು. ಅಪ್ಪ ಆಗ ಹತ್ತಿರ ಬಂದು ಎರಡೂ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರು.

'ಬಲಗಡೇದು ಕಟ್ಕಂಡದೆ ಕಣೋ. ಎರಡು ಬಾಯಲ್ಲೂ ಸಮ ಬರ್ಬೇಕು.'

'ನಿಂಗೆಂಗಪ್ಪ ಗೊತ್ತು?'

'ಓಡಿಸಿಲ್ಲ ನಾನು. ತೊಳ್ದಿವ್ನಿ. ಒಳಗಡೆ ಕೊಳವೆ ಬತ್ತದೆ ನೋಡು, ಅದ ಈಚೆಗೆಳ್ದು ಸೌದೆ ಒಲೇಲಿ ಕಾಯ್ಸಿ ಕೆರೀತಿದ್ದೆ, ಆರು ವರ್ಸ.'

ಮೇಸ್ತ್ರಿ ಬಲಗಡೆಯ ಕೊಳವೆ ಎಳೆದರು. ಅದರ ತೂತುಗಳೆಲ್ಲ ಇದ್ದಿಲಾಗಿ ಕಟ್ಟಿದ್ದವು. ಅಂಗಡಿ ಹಿಂದೆ ಬೆಂಕಿ ಮಾಡಿ ಕಾಯಿಸಿ, ತಂತಿಯಲ್ಲಿ ಕೆರೆದದ್ದು ಅಪ್ಪನೇ. ಮತ್ತೆ ಹಾಕಿದ ಮೇಲೆ ಗಾಡಿಯ ಗಂಟಲು ಬಿಟ್ಟಿತು. 'ಉಸ್ತಾದ್' ಅಂದರು ಮೇಸ್ತ್ರಿ, ಟೀ ಕೊಟ್ಟು. ಅಪ್ಪ ಆ ಮಾತಿನ ಅರ್ಥ ಕೇಳಿ ತಿಳಿದುಕೊಂಡರು. ಆರು ವರ್ಷದ ಚಾಕರಿಯೊಳಗೆ ಒಂದು ವಿದ್ಯೆ ಇತ್ತು ಅಂತ ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಇನ್ನು ಕಾಗದ. ಖಾಸಗಿ ಗಾಡಿಯ ನೋಂದಣಿಗೆ ಮೊದಲು 15 ವರ್ಷ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣಕ್ಕೆ ಫಾರಂ 25, ಕೈ ಬದಲಾವಣೆಗೆ ಫಾರಂ 29, 30. ನಾಲ್ಕು ಸಲ ಅಲೆದೆವು. ಏಜೆಂಟರು ಒಂದೇ ದಿನದ ದಾರಿ ತೋರಿಸಿದರು. ಆ ದಾರಿಗೆ ನಮ್ಮ ಹತ್ತಿರ ಸುಂಕ ಇರಲಿಲ್ಲ. ಕೊನೆಗೆ ಒಂದು ಗಟ್ಟಿ ಪ್ರಶ್ನೆ ಎದುರಾಯಿತು. ಮಾಲೀಕರ ಹೆಸರು ಬರೆಯುವ ಜಾಗ ಒಂದೇ. ನಾವು ಮೂವರು.

ನಗುವ ವಿಷಯವಲ್ಲ ಇದು. ನಮ್ಮ ಮೂರು ಮನೆಗಳಲ್ಲಿ ಮಾಲೀಕ ಎಂಬ ಪದದ ಮುಂದೆ ಯಾರ ಹೆಸರಾದರೂ ಇದ್ದ ಕಾಗದ ಯಾವುದಿದೆ ಅಂತ ಕೂತು ಎಣಿಸಿದೆವು. 1974ರ ಭೂಸುಧಾರಣೆಯಲ್ಲಿ ಗೇಣಿ ಮಾಡ್ತಿದ್ದವರಿಗೆ ಭೂಮಿ ಬಂತು. ಕೂಲಿ ಮಾಡ್ತಿದ್ದ ನಮ್ಮ ತಾತಂದಿರಿಗೆ ಕೂಲಿಯೇ ಉಳಿಯಿತು. ಒಬ್ಬರ ಮನೆಗೆ ಸರ್ಕಾರ ಮಂಜೂರು ಮಾಡಿದ್ದ ಒಂದೂವರೆ ಎಕರೆ ಇತ್ತು. ಅದು ಒಂದು ಮದುವೆ ಸಾಲಕ್ಕೆ ಬೇರೆಯವರ ಪಾಲಾಯಿತು. ಹಾಗೆ ಹೋದ ಭೂಮಿ ವಾಪಸು ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಆ ಅರ್ಜಿ ಇನ್ನೂ ಕಚೇರಿಯಿಂದ ಕಚೇರಿಗೆ ನಡೆಯುತ್ತಿದೆ. ಹೆಣ್ಣುಮಕ್ಕಳ ಹೆಸರಿನಲ್ಲಂತೂ ರೇಷನ್ ಕಾರ್ಡು ಬಿಟ್ಟರೆ ಬೇರೇನೂ ಇರಲಿಲ್ಲ. ಎಣಿಸಿ ಮುಗಿದ ಮೇಲೆ ಚರ್ಚೆ ಬೇಕಾಗಲಿಲ್ಲ. ಅವಳ ಹೆಸರೇ ಬರೆಸಿದೆವು. ನಮ್ಮೊಳಗೆ ಒಂದೇ ಒದೆತಕ್ಕೆ ಗಾಡಿ ಹಿಡಿಸುವವಳೂ ಅವಳೇ.

ಬೋರ್ ಮಾಡಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಓಡಿಸಬಾರದು, ನಡೆಸಬೇಕು. ಗಂಟೆಗೆ 40 ದಾಟಬಾರದು ಅಂತ ಮೇಸ್ತ್ರಿಯ ಅಪ್ಪಣೆ. ಹೊಸ ಪಿಸ್ಟನ್ನೂ ಹಳೇ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಅವಸರ ಮಾಡಿದರೆ ಕಾದು ಕಚ್ಚಿಕೊಳ್ಳುತ್ತವೆ. ಹಾಗಾಗಿ ಊರಿಗೆ ಹೊರಟದ್ದು ಬಹಳ ನಿಧಾನದ ಸವಾರಿ. ಬನಶಂಕರಿಯಿಂದ ಮೆಟ್ರೊ ಕಂಬಗಳ ಕೆಳಗೆ ಕನಕಪುರ ರಸ್ತೆ ಹಿಡಿದು, ಕನಕಪುರ ದಾಟಿ, ಮಳವಳ್ಳಿ ಕಡೆಗೆ. ಅವಳು ಮುಂದೆ, ಒಬ್ಬ ಹಿಂದೆ, ಇನ್ನೊಬ್ಬ ಬಸ್ಸಿನಲ್ಲಿ. ಬಸ್ಸಿನವನೇ ಮೊದಲು ತಲುಪಿದ.

ಕೇರಿಗೆ ಹೋಗಲು ಊರ ಬೀದಿ ದಾಟಬೇಕು. ಅದೇ ಬೀದಿಯಲ್ಲಿ ನಮ್ಮ ತಾತಂದಿರು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. 40ರ ವೇಗದಲ್ಲಿ ಆ ಬೀದಿ ಬಹಳ ಉದ್ದ. ಟೀ ಅಂಗಡಿ ಮುಂದೆ ಕೂತವರು ಹಳೇ ಸದ್ದು ಕೇಳಿ ತಲೆ ಎತ್ತಿದರು.

'ಯಾರ್ದಮ್ಮ ಎಜ್ಡಿ?'

'ನಂದೇ' ಅಂದಳು. ಗೇರು ಬದಲಿಸಿ ಮುಂದೆ ಹೋದಳು. ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲ ಎಂದ ಮಾತ್ರಕ್ಕೆ ಊರು ಬದಲಾಯಿತು ಅಂತ ನಾವು ಬರೆಯುವುದಿಲ್ಲ. ಆ ಊರಿನ ಹೋಟೆಲಿನಲ್ಲಿ ಯಾರ ಲೋಟ ಎಲ್ಲಿರುತ್ತೆ ಅಂತ ನಮಗೆ ಗೊತ್ತು.

ಕೇರಿಯ ಅರಳಿಕಟ್ಟೆ ಹತ್ತಿರ ಗಾಡಿ ನಿಲ್ಲಿಸಿದ ಮೇಲೆ ಹುಡುಗರು ಮುತ್ತಿಕೊಂಡರು. ಪಕ್ಕದ ಮುಚ್ಚಳ ಬಿಚ್ಚಿ ಪಾಯಿಂಟು ತೋರಿಸಿದೆವು. ಒಬ್ಬ ಹುಡುಗಿ ಬೀಡಿ ಕಟ್ಟಿನ ರಟ್ಟು ತಂದು ನಡುವೆ ಹಿಡಿದು ನೋಡಿದಳು. ಮುಂದಿನ ಬೇಸಿಗೆ ರಜೆಯಲ್ಲಿ ಇಬ್ಬರನ್ನು ಗಲ್ಲಿಗೆ ಕರೆದುಕೊಂಡು ಬಾ ಅಂತ ಮೇಸ್ತ್ರಿ ಹೇಳಿ ಕಳಿಸಿದ್ದಾರೆ. ಊಟ ಅವರ ಮನೆಯದು, ಮಲಗೋಕೆ ನಮ್ಮ ರೂಮು. ಇದನ್ನು ಓದುವ ಮೇಷ್ಟರುಗಳೇ, ನಿಮ್ಮ ಶಾಲೆಯಲ್ಲೂ ಗಡಿಯಾರ ಬಿಚ್ಚಿ ಬೈಸಿಕೊಂಡ ಮಕ್ಕಳು ಇರುತ್ತಾರೆ. ಬೈಯುವ ಮುಂಚೆ ಅವರು ಬಿಚ್ಚಿದ ಸಾಲು ಹೇಗಿದೆ ಅಂತ ಒಂದು ಸಲ ನೋಡಿ.

ಸಾವಿರ ಕಿಲೋಮೀಟರಿಗೆ ಇನ್ನೂ 620 ಬಾಕಿ ಇದೆ. ಬಲಗಡೆಯ ಕಾಲಿನ ಬ್ರೇಕು ಇನ್ನೂ ಕೀರಲು ಕೂಗುತ್ತಿದೆ. ಭಾನುವಾರ ಬಿಚ್ಚಬೇಕು.